ಸನ್ಯಾಸಿ ಏಡಿಯ ಪ್ರಚಾರ

ಕಡಲು ಇಳಿದ ಹೊತ್ತಿಗೆ ಸ್ವಯಂಸೇವಕರು ಬಂಡೆಯ ಮೇಲೆ ಮರದ ಚೌಕವಿಟ್ಟು, ಅದರೊಳಗಿದ್ದ ಜೀವಿಗಳನ್ನು ಎಣಿಸತೊಡಗಿದರು. ಖಾಲಿ ಶಂಖದಲ್ಲಿ ಬಿಡಾರ ಹೂಡುವ ಸನ್ಯಾಸಿ ಏಡಿ ಆ ಬಂಡೆಯಲ್ಲಿ ಇದ್ದದ್ದು ಒಂದೇ ಒಂದು. ಅಪರೂಪದ ಜೀವಿಯ ಬಣ್ಣದ ಫೋಟೋವನ್ನು ಊರಿನ ಗ್ರಂಥಾಲಯದಲ್ಲಿ ತೂಗುಹಾಕುತ್ತಾರೆಂದು ಕೇಳಿದಂದಿನಿಂದ ಅದಕ್ಕೆ ನಿದ್ದೆಯಿರಲಿಲ್ಲ.

ಮೊದಲ ಚೌಕದಲ್ಲಿ, ಎಣಿಕೆಯ ಪಟ್ಟಿ ಹಿಡಿದಿದ್ದ ವತ್ಸಲಾ ಟೀಚರ್ ಅದನ್ನು ಬರೆದುಕೊಂಡರು. "ಒಂದೇ ಸಲ ಬರೆದರೆ ಯಾರ ಕಣ್ಣಿಗೆ ಬಿದ್ದೀತು?" ಎಂದು ಏಡಿ ಎರಡನೆಯ ಚೌಕಕ್ಕೆ ಓಡಿತು.

"ಸನ್ಯಾಸಿಗಳೇ, ಒಂದು ಕಡೆ ಕೂತಿರಿ," ಎಂದಿತು ಬಂಡೆಗೆ ಅಂಟಿಕೊಂಡಿದ್ದ ಸಿಂಪಿ. "ನಾವು ಇಲ್ಲಿ ಸಾವಿರ ಜನ ಇದ್ದೇವೆ. ಒಬ್ಬರದಾದರೂ ಫೋಟೋ ತೆಗೆದರೇ?"

"ಕೂತಲ್ಲೇ ಕೂರುವವರಿಗೆ ಪ್ರಚಾರದ ಮರ್ಮ ತಿಳಿಯದು, ಸಿಂಪಿಯಮ್ಮಾ!" ಎಂದ ಏಡಿ, ದಾರಿಯಲ್ಲಿ ಸಿಕ್ಕಸಿಕ್ಕ ಶಂಖ ಬದಲಿಸುತ್ತ, ಹನ್ನೆರಡು ಚೌಕಗಳಲ್ಲೂ ಟೀಚರಿಗಿಂತ ಮೊದಲೇ ಹೋಗಿ ಕುಳಿತಿತು.

ಕೊನೆಗೆ ಟೀಚರ್ ಪಟ್ಟಿ ಓದಿದರು. "ಸನ್ಯಾಸಿ ಏಡಿ, ಹನ್ನೆರಡು. ತೀರಾ ಸಾಮಾನ್ಯ, ಫೋಟೋ ಬೇಡ. ಕಡಲಸೌತೆ, ಒಂದು. ಅಪರೂಪ!" ಬೆಳಗಿನಿಂದ ಮಗ್ಗುಲು ಸಹ ಬದಲಿಸದೆ ಸೌತೆಕಾಯಿಯಂತೆ ಬಿದ್ದುಕೊಂಡಿದ್ದ ಆ ಮೆತ್ತನೆಯ ಜೀವಿಯ ಸುತ್ತ ಕ್ಯಾಮೆರಾಗಳು ನೆರೆದವು.

ಏಡಿ ಶಂಖವನ್ನೇ ಬಿಟ್ಟು, ಬರಿಮೈಯಲ್ಲಿ ಟೀಚರರ ಚಪ್ಪಲಿ ಹತ್ತಿ ಕೂಗಿತು: "ಅಮ್ಮಾ, ಆ ಹನ್ನೆರಡೂ ನಾನೇ! ಇರುವುದು ನಾನೊಬ್ಬನೇ!"

ಟೀಚರ್ ಬಗ್ಗಿ ನೋಡಿದರು. ಅವರ ಮುಖ ಅರಳಿತು.

"ತಡೀರಿ, ಇನ್ನೊಂದು ಸಿಕ್ತು," ಎಂದು ಪಟ್ಟಿಯಲ್ಲಿ ಹನ್ನೆರಡನ್ನು ಹೊಡೆದುಹಾಕಿ ಹದಿಮೂರು ಮಾಡಿದರು.