ತೊಳೆಯಬಾರದ ಮಡಕೆ

"ಗುರುಗಳೇ, ನಾನು ಕಷ್ಟಪಟ್ಟು ಕಲಿತದ್ದನ್ನು ಕೇಳಿದವರಿಗೆಲ್ಲ ಹೇಳಿಕೊಟ್ಟುಬಿಟ್ಟರೆ ಕೊನೆಗೆ ನನ್ನ ಹತ್ತಿರ ಉಳಿಯುವುದೇನು?" ಎಂದು ಶಿಷ್ಯ ಹಾಲಪ್ಪ ಕೇಳಿದ. ಹಾಲಪ್ಪ ನಾಟಿ ವೈದ್ಯ. ಬಾಗಿಲು ಹಾಕಿಕೊಂಡು ಬೇರು ಅರೆಯುವವನು.

ಗುರು ನಕ್ಕರು. "ಕೂತುಕೋ. ಒಂದು ಹೆಂಡದ ಕತೆ ಹೇಳುತ್ತೇನೆ."

"ಶಿವಶಿವಾ, ಮಠದಲ್ಲಿ ಹೆಂಡವೇ?"

"ಕುಡಿ ಅಂದೆನೇನಪ್ಪಾ? ಕೇಳು ಅಂದೆ."

ಬೆಟ್ಟದ ಸೀಮೆಯಲ್ಲಿ ಒಂದು ಊರು. ಅಲ್ಲಿ ರಾಗಿಯಿಂದ ಹೆಂಡ ಮಾಡುತ್ತಿದ್ದರು. ಯಾವ ಕಾಲದಲ್ಲೋ ಒಬ್ಬಳು ಮೊಳಕೆ ಬಂದ ರಾಗಿಯ ಗಂಜಿಯನ್ನು ಮೂಲೆಯಲ್ಲಿಟ್ಟು ಮರೆತಳಂತೆ. ಅದು ನೊರೆಯೆದ್ದು ಗುಳುಗುಳು ಎಂದಿತಂತೆ. ಬೈಯಲು ಬಂದ ಗಂಡ ಒಂದು ಗುಟುಕು ಕುಡಿದು ನೋಡಿದವನು ಬೈಯುವುದನ್ನೇ ಮರೆತನಂತೆ. ಅಂದಿನಿಂದ ಆ ಊರಿನಲ್ಲಿ ಹೆಂಡವಿಲ್ಲದೆ ಕೂಸಿಗೆ ಹೆಸರಿಡುತ್ತಿರಲಿಲ್ಲ, ಹಿರಿಯರಿಗೆ ಎಡೆ ಇಡುತ್ತಿರಲಿಲ್ಲ. ಮದುವೆಯಲ್ಲಂತೂ ಹೆಣ್ಣಿನ ಮನೆಯ ಮಡಕೆಯಿಂದ ಎರಡೂ ಕಡೆಯ ಬೀಗರು ಕುಡಿದ ಮೇಲೆಯೇ ತಾಳಿ.

ಆ ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಹೆಂಡದಂಥ ಹೆಂಡ ಸುತ್ತ ಎಲ್ಲೂ ಇರಲಿಲ್ಲ. ಅವಳ ಮಡಕೆ ಅತ್ತೆಯ ಕಾಲದ್ದು. ತೊಳೆಯಬೇಡ ಎಂದು ಅತ್ತೆ ಹೇಳಿದ್ದಳು, ಇವಳು ತೊಳೆದಿರಲಿಲ್ಲ, ಅಷ್ಟೆ. ತಳದಲ್ಲಿ ಉಳಿದ ಹಳೆಯ ಗಷ್ಟಿನ ಮೇಲೆ ಹೊಸ ಗಂಜಿ ಹೊಯ್ದರೆ ಮಾರನೆಯ ದಿನವೇ ಉಕ್ಕುತ್ತಿತ್ತು. ಎಲ್ಲ ತನ್ನ ಕೈಗುಣ ಎಂದೇ ಮುದುಕಿ ನಂಬಿದ್ದಳು.

ಒಮ್ಮೆ ಪಕ್ಕದ ಮನೆಯಾಕೆ ಬಂದು ಒಂದು ಹಿಡಿ ಗಷ್ಟು ಕೇಳಿದಳು. "ಗಷ್ಟಿರಲಿ, ನನ್ನ ಒಲೆಯ ಬೂದಿಯನ್ನೂ ಕೊಡೋದಿಲ್ಲ. ನಾಳೆ ಊರೆಲ್ಲ ನಿನ್ನ ಮನೆಗೆ ನುಗ್ಗಿದರೆ ನನ್ನನ್ನು ಕೇಳೋರು ಯಾರು?" ಎಂದು ಮುದುಕಿ ಅಟ್ಟಿಬಿಟ್ಟಳು.

ಮುಂದೆ ಮುದುಕಿಯ ಕಿರಿಮಗಳಿಗೆ ಮದುವೆ ಗೊತ್ತಾಯಿತು. ಬೀಗಿತ್ತಿ ಬಹಳ ಚೊಕ್ಕಟದವಳು, ಕೊಳೆ ಕಂಡರೆ ಮೂಗು ಮುರಿಯುತ್ತಾಳೆ ಎಂದು ಯಾರೋ ಹೇಳಿದರು. ಮುದುಕಿಗೆ ಮರ್ಯಾದೆಯ ಪ್ರಶ್ನೆ. ಕೈಗುಣ ಇರುವಾಗ ಮಡಕೆಯದೇನು ಎಂದುಕೊಂಡಳು. ಕುದಿನೀರು ಹೊಯ್ದು, ಬೂದಿ ಹಾಕಿ ಗಸಗಸ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದಳು. ಮಡಕೆ ಹೊಸದರಂತೆ ಕೆಂಪಗಾಯಿತು.

ಗಂಜಿ ಹೊಯ್ದಳು. ಮಾರನೆಯ ದಿನ ಕಿವಿಯಿಟ್ಟಳು, ಸದ್ದಿಲ್ಲ. ಮತ್ತೊಂದು ದಿನ ಕಾದು ಇಣುಕಿದಳು, ನೊರೆಯಿಲ್ಲ. ಮೂಸಿದಳು, ಬರೀ ಗಂಜಿ. ದಿಬ್ಬಣ ಬರುವ ದಿನ ಹತ್ತಿರವಾಗಿತ್ತು. ಹೆಂಡ ಉಕ್ಕದ ಮನೆಯಿಂದ ಹೆಣ್ಣು ಒಯ್ಯುವವರು ಯಾರು? "ಅಯ್ಯೋ, ನನ್ನ ಮಗಳ ಮದುವೆಯನ್ನು ನಾನೇ ತೊಳೆದು ಚೆಲ್ಲಿದೆನಲ್ಲಾ!" ಎಂದು ಮುದುಕಿ ಅಳುತ್ತ ಕೂತಳು.

ಸೊಸೆ ಸೆರಗಿನ ತುದಿ ತಿರುವುತ್ತ ಬಂದಳು. "ಅತ್ತೆ, ಬೈಯೋದಿಲ್ಲ ಅಂದರೆ ಒಂದು ಮಾತು. ಅವತ್ತು ಪಕ್ಕದ ಮನೆಯಾಕೆ ಕಣ್ಣೀರು ಹಾಕಿಕೊಂಡು ಹೋದಳಲ್ಲ, ನೀವು ಮಲಗಿದ್ದಾಗ ಒಂದು ಚಿಪ್ಪು ಗಷ್ಟು ಕದ್ದು ಕೊಟ್ಟುಬಂದೆ."

"ಮನೆಹಾಳಿ!" ಮುದುಕಿ ಕೈಯೆತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. "ಅದು ಈಗಲೂ ಉಕ್ಕುತ್ತದೇನೇ?"

"ಮೊನ್ನೆ ಮುಚ್ಚಳವನ್ನೇ ಎತ್ತಿ ಹಾಕಿತು, ಅತ್ತೆ."

ಮುದುಕಿ ತಾನೇ ಖಾಲಿ ಚಿಪ್ಪು ಹಿಡಿದು ಪಕ್ಕದ ಮನೆಗೆ ಹೋದಳು. ಹೊಸ್ತಿಲ ಹೊರಗೆ ನಿಂತಳು. ಚಿಪ್ಪನ್ನು ಮುಂದೆ ಚಾಚಿದಳು. ಆಕೆ ಚಿಪ್ಪನ್ನು ನೋಡಿದಳು, ಏನೂ ಕೇಳದೆ ತುಂಬಿಕೊಟ್ಟಳು. ಮುದುಕಿಗೆ ನಾಚಿಕೆಯೂ ಆಯಿತು, ಜೀವ ಬಂದ ಹಾಗೂ ಆಯಿತು.

ಮಡಕೆ ಉಕ್ಕಿತು. ಮದುವೆ ನಡೆಯಿತು. ಬೀಗಿತ್ತಿ ಕೇಳಿ ಕೇಳಿ ಹಾಕಿಸಿಕೊಂಡು ಕುಡಿದಳು, ಮಡಕೆಯ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಮುದುಕಿ ಸೊಸೆಯನ್ನು ಬೈಯುವುದೇನೂ ಬಿಡಲಿಲ್ಲ. ಆದರೆ ಗಷ್ಟು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಲಿಲ್ಲ.

ಹಾಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂಥ ಕಳ್ಳ ಸೊಸೆ ಸಿಗುವುದಕ್ಕೂ ಪುಣ್ಯ ಬೇಕು, ಗುರುಗಳೇ! ಅವಳು ಕದಿಯದೆ ಇದ್ದಿದ್ದರೆ ಆ ಮುದುಕಿಯ ಗತಿ ಏನಾಗುತ್ತಿತ್ತು?"

ಗುರು ಅವನ ಮುಖ ನೋಡಿದರು. "ನೀನು ಬಾಗಿಲು ಹಾಕಿಕೊಂಡು ಅರೆಯುತ್ತೀಯಲ್ಲ ಹಾಲಪ್ಪ, ಕದಿಯುವುದಕ್ಕಾದರೂ ಒಬ್ಬರನ್ನು ಒಳಗೆ ಬಿಟ್ಟಿದ್ದೀಯಾ?"

ಹಾಲಪ್ಪನ ನಗು ನಿಂತುಹೋಯಿತು.