ಹೆಸರು ಕೇಳಿದ ಕಪ್ಪೆ

ತಾಯಿ ಕಪ್ಪೆಯೊಂದು ತನ್ನ ಗೊದಮೊಟ್ಟೆಗಳನ್ನು, ಅಂದರೆ ಇನ್ನೂ ಕಾಲು ಮೂಡದ ಮರಿಗಳನ್ನು, ಅಡಗಿಸಿಡಲು ಹೊಸ ಕಲ್ಯಾಣಿಗೆ ಬಂದಿತು. ಅದಕ್ಕೆ ಹಾವಿನ ಭಯ. ಹಾವು ಕಪ್ಪೆಯನ್ನು ತಿನ್ನುತ್ತದಲ್ಲ, ಅದಕ್ಕೆ.

ನೀರಿನ ಮೇಲೆ ಹಸಿರಾಗಿ ಹರಡಿಕೊಂಡಿದ್ದುದು, "ಮಕ್ಕಳನ್ನು ನನ್ನಡಿ ಬಿಡಮ್ಮ, ಯಾರಿಗೂ ಕಾಣುವುದಿಲ್ಲ" ಎಂದಿತು.

"ಮೊದಲು ಹೆಸರು ಹೇಳು."

"ಮೆಟ್ಟಿಲಿಗೆ ಅಂಟಿ ಜಾರಿಸುವವಳು ನನ್ನ ಅಕ್ಕ, ನೂಲಿನಂತೆ ತೇಲುವವಳು ತಂಗಿ. ನಮ್ಮೆಲ್ಲರನ್ನೂ ಹಾವಸೆ ಎನ್ನುತ್ತಾರೆ."

"ಹೆಸರಿನಲ್ಲೇ ಹಾವಿದೆ."

"ನನಗೆ ಹಲ್ಲೇ ಇಲ್ಲವಲ್ಲಮ್ಮ."

"ಹಾವೂ ಬಾಯಿ ತೆರೆಯುವ ತನಕ ಹಾಗೇ ಹೇಳುತ್ತದೆ."

ಆಗ ಕತ್ತಲಾಗಿದ್ದ ಕಲ್ಲುಸಂದಿಯಿಂದ ಒಂದು ದನಿ ಬಂದಿತು. "ಸರಿಯಾಗಿ ಕೇಳಿದೆ ತಾಯಿ. ವಿಚಾರಿಸದೆ ಯಾರನ್ನೂ ನಂಬಬಾರದು. ಇಲ್ಲಿಗೆ ಬಾ."

"ನಿನ್ನ ಹೆಸರು?" ಕಪ್ಪೆ ಅದನ್ನೂ ಬಿಡಲಿಲ್ಲ.

"ಊರವರು ನನ್ನನ್ನು ಒಳ್ಳೆ ಎನ್ನುತ್ತಾರೆ."

ಕಪ್ಪೆಗೆ ಸಮಾಧಾನವಾಯಿತು.

"ಹೋಗಬೇಡಮ್ಮ, ಒಳ್ಳೆ ಎಂದರೆ ನೀರುಹಾವು" ಎಂದಿತು ಹಾವಸೆ.

"ಹೆಸರಿನಲ್ಲಿ ಹಾವಿಟ್ಟುಕೊಂಡವಳು ಇನ್ನೊಬ್ಬರನ್ನು ಹಾವೆನ್ನುತ್ತಾಳೆ" ಎಂದು ಕಪ್ಪೆ ಮರಿಗಳೊಂದಿಗೆ ಸಂದಿಯೊಳಗೆ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದದ್ದು ಒಳ್ಳೆ ಮಾತ್ರ.