ಪತ್ತಾರರ ಬೋನ್ಸಾಯ್ ಮತ್ತು ತಾಮ್ರದ ತಂತಿ

ಬಾಗಲಕೋಟೆಯಲ್ಲಿ ಮೌನೇಶಪ್ಪ ಪತ್ತಾರ ಎಂಬ ಅಕ್ಕಸಾಲಿಗರಿದ್ದರು. ಅವರು ಕೂರಿಸಿದ ಮೂಗುತಿಯ ಹರಳು ಮೂಗು ಇರುವವರೆಗೂ ಬೀಳುವುದಿಲ್ಲ ಎಂದು ಹೆಂಗಸರು ನಗುತ್ತಾ ಹೇಳುತ್ತಿದ್ದರು. ವಯಸ್ಸಾಯಿತು, ಕಣ್ಣು ಮಂಜಾಯಿತು. ಮಗಳು ಅಂಬಿಕಾ ಅವರ ಪಕ್ಕದಲ್ಲೇ ಕುಳಿತು ಕೆಲಸ ಕಲಿತಳು, ಚೆನ್ನಾಗಿಯೇ ಕಲಿತಳು. ಆದರೆ ಅವಳು ಮುಗಿಸಿದ ಒಡವೆಯನ್ನು ಮೌನೇಶಪ್ಪ ಮತ್ತೆ ಕೈಗೆತ್ತಿಕೊಂಡು, ಇಲ್ಲಿಷ್ಟು ಒತ್ತಿ, ಅಲ್ಲಿಷ್ಟು ಉಜ್ಜಿ, ಆಮೇಲೆಯೇ ಗಿರಾಕಿಗೆ ಕೊಡುತ್ತಿದ್ದರು. ಕಣ್ಣು ಕಾಣದಿದ್ದರೇನು, ಬೆರಳು ಸುಮ್ಮನಿರಬೇಕಲ್ಲ.

ಒಂದು ದಿನ ಅಂಬಿಕಾ ಹೇಳಿಯೇಬಿಟ್ಟಳು. "ಅಪ್ಪಾ, ಎಲ್ಲಾನೂ ನೀವ ತಿದ್ದೋದಾದ್ರ ನಾ ಇಲ್ಲಿ ಯಾಕ ಕುಂದ್ರಬೇಕು? ದೀಪಾವಳಿ ಮುಗೀಲಿ, ನಾ ಬ್ಯಾರೆ ಅಂಗಡಿಗೆ ಹೋಗ್ತೀನಿ."

ಮಗಳು ಹೋಗುವುದು ಮೌನೇಶಪ್ಪನವರಿಗೆ ಬೇಡವಾಗಿತ್ತು. ಆದರೂ ರೂಢಿ ಬಿಡಲಿಲ್ಲ.

ಅಪ್ಪನ ಕೈಗೆ ಬೇರೆ ಕೆಲಸ ಸಿಗಲಿ ಎಂದು ಅಂಬಿಕಾ ನರ್ಸರಿಯಿಂದ ಆಲದ ಜಾತಿಯ ಒಂದು ಫೈಕಸ್ ಗಿಡ ತಂದಳು. "ಇದನ್ನ ಬೋನ್ಸಾಯ್ ಮಾಡ್ರಿ, ಕುಂಡದಾಗ ಬೆಳೆಯೋ ಗಿಡ್ಡ ಮರ. ನಾಜೂಕಿನ ಕೆಲಸ, ನಿಮಗ ಹೇಳಿ ಮಾಡಿಸಿದಂಗೈತಿ."

ನರ್ಸರಿಯವರು ಕುಂಡದ ಮಣ್ಣಿನ ಮೇಲೆ ಬಿಳಿ ಕಲ್ಲುಗಳನ್ನು ಅಂಟು ಹಾಕಿ ಕೂರಿಸಿದ್ದರು. "ಕಲ್ಲು ಕೂರಿಸೂದು ಹಿಂಗೇನು?" ಎಂದು ಗೊಣಗುತ್ತಾ ಮೌನೇಶಪ್ಪ ಎಲ್ಲವನ್ನೂ ಕಿತ್ತರು. ಬೇರನ್ನು ಕತ್ತರಿಸಿ, ಗಿಡವನ್ನು ಅಗಲ ತಟ್ಟೆಯಂಥ ಕುಂಡಕ್ಕೆ ಇಳಿಸಿದರು. ಎರಡು ದಿನಕ್ಕೆ ಎಲೆಗಳೆಲ್ಲ ಉದುರತೊಡಗಿದವು. ಕೈಯಾರೆ ಕೊಂದೆ ಎಂದು ಅವರಿಗೆ ಊಟ ಸೇರಲಿಲ್ಲ. ಕೆಲವು ವಾರಗಳ ಮೇಲೆ ಬರಿ ಕೊಂಬೆಯಲ್ಲಿ ಹಸಿರು ಮೊಳಕೆ ಕಂಡಾಗ ಅವರು ಗಿಡಕ್ಕೇ ಕೈಮುಗಿದರು.

ಕೊಂಬೆಗಳನ್ನು ಬಾಗಿಸುವ ಹೊತ್ತು ಬಂತು. ಮೌನೇಶಪ್ಪ ತಾಮ್ರದ ತಂತಿಯನ್ನು ಕಾಯಿಸಿ ಮೆತ್ತಗೆ ಮಾಡಿ, ಬಾಗಿದ ಆಕಾರ ನಿಲ್ಲಲೆಂದು ಕೊಂಬೆಗೆ ಕೂದಲೆಳೆಯಷ್ಟೂ ಸಂದು ಬಿಡದೆ ಬಿಗಿಯಾಗಿ ಸುತ್ತಿದರು. ಬಳೆಗೆ ಸುತ್ತಿದ ಹಾಗೇ ಇತ್ತು. ಬಂದವರೆಲ್ಲ ಹೊಗಳಿದರು. ಮಳೆಗಾಲವಿಡೀ ಗಿಡ ಸೊಂಪಾಗಿ ಬೆಳೆಯಿತು.

ಮಳೆ ನಿಂತ ಮೇಲೆ ಅಂಬಿಕಾ ಗಿಡವನ್ನು ಹತ್ತಿರದಿಂದ ನೋಡಿದಳು. "ಅಪ್ಪಾ, ತಂತಿ ತೊಗಟಿಯೊಳಗ ಇಳದೈತಿ."

"ನಾ ಸುತ್ತಿದ್ದು ಸರೀನ ಐತಿ," ಎಂದರು ಮೌನೇಶಪ್ಪ.

ಅಂಬಿಕಾ ಕುಂಡವನ್ನು ಅವರ ಹತ್ತಿರ ಸರಿಸಿದಳು. ಅಪ್ಪನ ಬೆರಳು ಹಿಡಿದು ಕೊಂಬೆಯ ಮೇಲಿಟ್ಟಳು. ತಂತಿಯ ಅಕ್ಕಪಕ್ಕ ತೊಗಟೆ ಉಬ್ಬಿಕೊಂಡಿತ್ತು. ಬಂಗಾರ ಎಷ್ಟು ಬಿಗಿದರೂ ಇದ್ದಷ್ಟೇ ಇರುತ್ತದೆ. ಕೊಂಬೆ ದಪ್ಪಗಾಗುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಗಾಬರಿಯಿಂದ ಇಕ್ಕಳ ಹಿಡಿದು ತಂತಿ ಬಿಚ್ಚಲು ಕುಳಿತರು. ಅಕ್ಕಸಾಲಿಗರ ಕೈಯಲ್ಲವೇ, ಬಂಗಾರದ ಪುಡಿಗಾಗಿ ನೆಲದ ಕಸವನ್ನೂ ಜರಡಿ ಹಿಡಿಯುವ ಕೈ. ತಂತಿಯನ್ನು ಕತ್ತರಿಸಿ ಹಾಳುಮಾಡಲು ಮನಸ್ಸು ಬರಲಿಲ್ಲ. ಒಂದೇ ಎಳೆಯಾಗಿ ಬಿಚ್ಚಿ ತೆಗೆಯಹೋದರು. ತೊಗಟೆ ಸುಲಿದು ಹಾಲು ಒಸರಿತು. ಕೊಂಬೆ ಸಣ್ಣಗೆ ಚಟ್ ಎಂದಿತು.

"ಅಪ್ಪಾ, ಬಿಡ್ರಿ. ಸುತ್ತು ಸುತ್ತು ಕತ್ತರಿಸಿ ತಗೀಬೇಕು. ನಿಮಗ ಕಾಣೂದಿಲ್ಲ. ನಾ ತಗೀಲೇನು?"

ಅವರು ಇಕ್ಕಳವನ್ನು ಬಿಗಿಯಾಗಿ ಹಿಡಿದೇ ಇದ್ದರು. ಕೊಟ್ಟರೆ ತಮ್ಮ ಕೈ ಇನ್ನು ಸಾಲದು ಎಂದು ಒಪ್ಪಿದಂತೆ. ಕೊಡದಿದ್ದರೆ ಕೊಂಬೆ ಹೋಗುತ್ತದೆ. ಕೊನೆಗೆ ಇಕ್ಕಳವನ್ನು ಮಗಳ ಕೈಗಿಟ್ಟರು.

ಅಂಬಿಕಾ ಒಂದೊಂದೇ ಸುತ್ತು ಕತ್ತರಿಸಿದಳು. ತಂತಿ ಚೂರುಚೂರಾಗಿ ಬಿತ್ತು. ಕೊಂಬೆ ಎಲ್ಲಿ ಮತ್ತೆ ನೆಟ್ಟಗಾಗುತ್ತದೋ ಎಂದು ಮೌನೇಶಪ್ಪ ಕಾದರು. ಆಗಲಿಲ್ಲ. ಬಾಗಿಸಿದ ಹಾಗೆಯೇ, ತಂತಿಯಿಲ್ಲದೆ, ತನ್ನಷ್ಟಕ್ಕೆ ನಿಂತಿತು.

"ಇದು ಆಗಲೇ ಕಲ್ತಿತ್ತಲ್ಲವ್ವಾ," ಎಂದರು ಮೌನೇಶಪ್ಪ. "ನೀ ನೋಡಿದ್ದಕ್ಕ ಉಳೀತು. ನಿನ್ನಿಂದ ದೊಡ್ಡ ಉಪಕಾರ ಆತು ಮಗಳ."

ಮರುದಿನ ಗಿರಾಕಿಯೊಬ್ಬಳು ತಾನು ಮಾಡಿಸಲು ಹೇಳಿದ್ದ ಬೋರಮಾಳ ಎಂಬ ಬಂಗಾರದ ಗುಂಡಿನ ಸರ ಒಯ್ಯಲು ಬಂದಳು. ಅಂಬಿಕಾ ಕೊಂಡಿ ಮುಗಿಸಿ, ರೂಢಿಯಂತೆ ಸರವನ್ನು ಅಪ್ಪನ ಮುಂದಿಟ್ಟಳು. ಮೌನೇಶಪ್ಪನವರ ಕೈ ತಾನಾಗಿಯೇ ಮುಂದೆ ಹೋಯಿತು. ಅರ್ಧಕ್ಕೇ ನಿಂತು ಮಡಿಲಿಗೆ ಮರಳಿತು.

"ನನಗ್ಯಾಕ ಕೊಡ್ತಿ? ಅವರಿಗ ಕೊಡು," ಎಂದರು. ಗಿರಾಕಿಯ ಕಡೆ ತಿರುಗಿ, "ನನ್ನ ಮಗಳು ಮಾಡ್ಯಾಳ್ರೀ. ಧೈರ್ಯದಿಂದ ಹಾಕ್ಕೋರಿ," ಎಂದರು.

ಬೇರೆ ಅಂಗಡಿಯ ಮಾತನ್ನು ಅಂಬಿಕಾ ಮತ್ತೆ ಎತ್ತಲಿಲ್ಲ. ಕೊಂಬೆಯ ಮೇಲೆ ತಂತಿಯ ಗುರುತು ಮಾತ್ರ ಇನ್ನೂ ಇದೆ. ದಿನಾ ನೀರು ಹಾಕುವಾಗ ಮೌನೇಶಪ್ಪ ಅದನ್ನೊಮ್ಮೆ ಸವರಿಯೇ ಒಳಗೆ ಬರುತ್ತಾರೆ.

ನೀತಿ: ಕಲಿಸುವಾಗ ಬಿಗಿ ಬೇಕು, ಆದರೆ ಕಲಿತ ಮೇಲೂ ಬಿಡದ ಬಿಗಿ ಗಾಯ ಮಾಡುತ್ತದೆ. ಮಕ್ಕಳನ್ನು ತಿದ್ದಿದ ಕೈ ಹೊತ್ತು ನೋಡಿ ಹಿಂದೆ ಸರಿಯಬೇಕು. ಆ ಹೊತ್ತು ಬಂತೆಂದು ಹೇಳುವವರು ಮನೆಯಲ್ಲಿದ್ದರೆ, ಅವರಿಗೆ ಋಣಿಯಾಗಿರಿ.